ಮ್ಯೂಸಿಯಮ್ಮಿನಲ್ಲಿರುವ ಹೈಡಾ, ಟ್ಲಿಂಗಿಟ್ ಕೆತ್ತನೆಗಳು ಯಾರ ಸ್ವತ್ತು?

2024ರ ಜನವರಿಯಲ್ಲಿ ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿಗೆ ಹೋದವರಿಗೆ ಒಂದು ವಿಚಿತ್ರ ಕಂಡಿತು. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳ ವಸ್ತುಗಳಿರುವ ವಿಭಾಗದಲ್ಲಿ ಕೆಲವು ಗಾಜಿನ ಕಪಾಟುಗಳಿಗೆ ಮುಸುಕು ಹಾಕಿದ್ದರು. ಅದೇ ತಿಂಗಳು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಮ್ ಆಫ್ ನ್ಯಾಚುರಲ್ ಹಿಸ್ಟರಿ, ಬೇರೆ ಬುಡಕಟ್ಟುಗಳಿಗೆ ಸೇರಿದ ಎರಡು ದೊಡ್ಡ ವಿಭಾಗಗಳನ್ನೇ ಮುಚ್ಚಿತು. ರಿಪೇರಿ ಏನೂ ನಡೆಯುತ್ತಿರಲಿಲ್ಲ. ಹೊಸ ಸರ್ಕಾರಿ ನಿಯಮ ಜಾರಿಗೆ ಬಂದಿತ್ತು. ಮೂಲನಿವಾಸಿಗಳ ಕೆಲವು ಬಗೆಯ ವಸ್ತುಗಳನ್ನು ಪ್ರದರ್ಶನಕ್ಕೆ ಇಡಬೇಕಾದರೆ ಮೊದಲು ಆ ಜನರ ಒಪ್ಪಿಗೆ ಪಡೆಯಬೇಕು ಎಂದು ಆ ನಿಯಮ ಹೇಳುತ್ತದೆ.

ಅಮೆರಿಕ, ಕೆನಡಾದಲ್ಲಿ ಇರುವ ಕನ್ನಡಿಗರಿಗೂ, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿಬರುವ ಅಪ್ಪ ಅಮ್ಮಂದಿರಿಗೂ ಈ ಮ್ಯೂಸಿಯಮ್‌ಗಳು ಹೊಸದಲ್ಲ. ಮರದಲ್ಲಿ ಕೆತ್ತಿದ ಎತ್ತರದ ಟೋಟೆಮ್ ಕಂಬದ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಬೇಕಾದಷ್ಟು ಜನ. ಆದರೆ ಆ ಕಂಬವನ್ನು ಮಾಡಿದವರು ಯಾರು, ಅದರ ಮೇಲೆ ಏನು ಕೆತ್ತಿದ್ದಾರೆ, ಈಗ ಒಪ್ಪಿಗೆಯ ಮಾತು ಯಾಕೆ ಬಂತು? ಹೈಡಾ ಮತ್ತು ಟ್ಲಿಂಗಿಟ್ ಎಂಬ ಎರಡು ಜನಾಂಗಗಳ ಕೆತ್ತನೆಗಳನ್ನು ಹಿಡಿದು ಹೊರಟರೆ ಇದೆಲ್ಲ ಚೆನ್ನಾಗಿ ತಿಳಿಯುತ್ತದೆ.

ಮಳೆಯ ನಾಡು, ಸೀಡರ್ ಮರ

ಕೆನಡಾದ ಪಶ್ಚಿಮ ತುದಿಯಲ್ಲಿ, ಬ್ರಿಟಿಷ್ ಕೊಲಂಬಿಯಾದ ಕರಾವಳಿಯಾಚೆ ಹೈಡಾ ಗ್ವಾಯ್ ಎಂಬ ದ್ವೀಪಗಳ ಗುಂಪಿದೆ. ಹಿಂದೆ ಅದನ್ನು ಕ್ವೀನ್ ಷಾರ್ಲಟ್ ದ್ವೀಪಗಳು ಎನ್ನುತ್ತಿದ್ದರು. 2010ರಲ್ಲಿ ಹೈಡಾ ಗ್ವಾಯ್ ಎಂಬ ಹೆಸರನ್ನು ಅಧಿಕೃತವಾಗಿ ತಂದರು. ಹೈಡಾ ಜನರ ನೆಲ ಅದು. ಅಲ್ಲಿಂದ ಉತ್ತರಕ್ಕೆ, ಅಲಾಸ್ಕಾದ ಆಗ್ನೇಯ ಮೂಲೆಯ ಸಿಟ್ಕಾ, ಜೂನೋ, ಆಂಗೂನ್, ಕ್ಲಕ್ವಾನ್ ಮುಂತಾದ ಊರುಗಳು ಟ್ಲಿಂಗಿಟ್ ಜನರವು. ಹೈಡಾ ಜನರ ಒಂದು ಕವಲೂ ಅಲಾಸ್ಕಾದಲ್ಲಿ ನೆಲೆಸಿದೆ.

ವರ್ಷದ ಬಹುಪಾಲು ಮಳೆ. ದಟ್ಟ ಕಾಡು. ಸಮುದ್ರದಲ್ಲೂ ಹೊಳೆಯಲ್ಲೂ ಸಾಲ್ಮನ್ ಮೀನು. ಬೇಸಿಗೆಯಲ್ಲಿ ಹಿಡಿದು ಒಣಗಿಸಿಟ್ಟರೆ ಚಳಿಗಾಲಕ್ಕೆ ಊಟದ ಚಿಂತೆಯಿಲ್ಲ. ಚಳಿಗಾಲದ ತಿಂಗಳುಗಳು ಕೆತ್ತನೆಗೆ, ಹಾಡು ಕುಣಿತಕ್ಕೆ, ಔತಣಗಳಿಗೆ ಉಳಿಯುತ್ತಿದ್ದವು.

ಕೆತ್ತನೆಗೆ ಮುಖ್ಯವಾಗಿ ಬಳಸುವುದು ಕೆಂಪು ಸೀಡರ್. ಹೆಸರು ಸೀಡರ್ ಆದರೂ ನಮ್ಮ ಹಿಮಾಲಯದ ದೇವದಾರುವಿಗೆ ಇದು ಹತ್ತಿರದ ನಂಟಲ್ಲ. ಮೃದುವಾದ ಮರ, ಎಳೆ ನೇರ, ಸೀಳಿದರೆ ಉದ್ದುದ್ದ ಹಲಗೆ ಬರುತ್ತದೆ, ಮಳೆಗೆ ಬೇಗ ಕೊಳೆಯುವುದಿಲ್ಲ. ಮನೆ, ದೋಣಿ, ಕಂಬ, ಪೆಟ್ಟಿಗೆ ಎಲ್ಲವೂ ಇದರಲ್ಲೇ. ಬಟ್ಟಲುಗಳಿಗೆ ಆಲ್ಡರ್ ಮರ. ಸೌಟುಗಳಿಗೆ ಪರ್ವತದ ಆಡಿನ ಕೊಂಬು. ಅದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಾಗಿಸಿ, ಹಿಡಿಯ ತುಂಬ ಸಣ್ಣ ಸಣ್ಣ ಮುಖಗಳನ್ನು ಕೆತ್ತುತ್ತಾರೆ. ಬಾಚಿ ಮತ್ತು ಬಾಗಿದ ಚಾಕು ಮುಖ್ಯ ಸಲಕರಣೆಗಳು. ಬಣ್ಣ ಅಂಟಿಕೊಳ್ಳಲು ಸಾಲ್ಮನ್ ಮೀನಿನ ಮೊಟ್ಟೆಯನ್ನು ಅಗಿದು ಬಣ್ಣಕ್ಕೆ ಬೆರೆಸುತ್ತಿದ್ದರು.

ಈ ಜನರ ಕೈಚಳಕ ಗೊತ್ತಾಗಬೇಕಾದರೆ ಕಂಬಕ್ಕಿಂತ ಪೆಟ್ಟಿಗೆಯನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಪೆಟ್ಟಿಗೆಯ ನಾಲ್ಕೂ ಬದಿ ಒಂದೇ ಹಲಗೆಯಿಂದ ಆದದ್ದು! ಹಲಗೆಗೆ ಅಡ್ಡಲಾಗಿ ಮೂರು ಕಡೆ ಕಚ್ಚು ಹಾಕುತ್ತಾರೆ. ಆ ಜಾಗಕ್ಕೆ ಚೆನ್ನಾಗಿ ಹಬೆ ಕೊಡುತ್ತಾರೆ. ಮರ ಮೆತ್ತಗಾದ ಕೂಡಲೇ ಮಡಿಸುತ್ತಾರೆ. ಮೂರು ಮೂಲೆ ಹೀಗೆ ಮಡಿಕೆಯಿಂದಲೇ ಆಗುತ್ತವೆ. ಎರಡು ತುದಿ ಸೇರುವ ನಾಲ್ಕನೆಯ ಮೂಲೆಗೆ ಮಾತ್ರ ಮರದ ಮೊಳೆ ಹೊಡೆಯುತ್ತಾರೆ, ಇಲ್ಲವೇ ಸ್ಪ್ರೂಸ್ ಮರದ ಬೇರಿನಿಂದ ಹೊಲಿಯುತ್ತಾರೆ. ತಳದ ಹಲಗೆಯನ್ನು ಬಿಗಿಯಾಗಿ ಕೂರಿಸಿದರೆ ಮುಗಿಯಿತು, ನೀರು ಸೋರುವುದಿಲ್ಲ. ಇಂಥ ಪೆಟ್ಟಿಗೆಯಲ್ಲಿ ನೀರು ತುಂಬಿ, ಕಾದ ಕಲ್ಲು ಹಾಕಿ ಅಡುಗೆಯನ್ನೂ ಮಾಡುತ್ತಿದ್ದರು. ಒಳ್ಳೆಯ ಕೆತ್ತನೆಯ ಪೆಟ್ಟಿಗೆಗಳಲ್ಲಿ ಕುಲದ ಅಮೂಲ್ಯ ವಸ್ತುಗಳನ್ನು ಇಡುತ್ತಿದ್ದರು.

ಗೆರೆಗಳನ್ನು ಓದುವುದು

ಮೊದಲ ಸಲ ನೋಡಿದಾಗ ಈ ಚಿತ್ರಗಳು ತಲೆ ತಿರುಗಿಸುತ್ತವೆ. ಎಲ್ಲಿ ನೋಡಿದರೂ ಕಣ್ಣು, ಹಲ್ಲು, ರೆಕ್ಕೆ. ಆದರೆ ಇದಕ್ಕೊಂದು ವ್ಯಾಕರಣವಿದೆ. ದಪ್ಪ ಕಪ್ಪು ಗೆರೆಯೊಂದು ಎಲ್ಲೂ ಕಡಿಯದೆ ಉಬ್ಬುತ್ತಾ ಸಣ್ಣಗಾಗುತ್ತಾ ಪ್ರಾಣಿಯ ಇಡೀ ದೇಹವನ್ನು ಬರೆಯುತ್ತದೆ. ಇದಕ್ಕೆ ವಿದ್ವಾಂಸರು ಫಾರ್ಮ್‌ಲೈನ್ ಎನ್ನುತ್ತಾರೆ. ಬಿಲ್ ಹೋಮ್ ಎಂಬ ಸಂಶೋಧಕರು 1965ರಲ್ಲಿ ಈ ನಿಯಮಗಳನ್ನು ಬಿಡಿಸಿ ಬರೆದ ಮೇಲೆ ಈ ಹೆಸರು ಬಳಕೆಗೆ ಬಂತು. ಕಪ್ಪು ಗೆರೆಯ ಒಳಗಿನ ವಿವರಗಳು ಕೆಂಪು. ಉಳಿದ ಜಾಗಕ್ಕೆ ಕೆಲವೊಮ್ಮೆ ನೀಲಿ ಹಸಿರು. ಮೂಲೆಗಳನ್ನು ಸವರಿದಂತಿರುವ ಮೊಟ್ಟೆಯಾಕಾರ ಕಣ್ಣಿಗೂ ಕೀಲುಗಳಿಗೂ ಬರುತ್ತದೆ. ಇಂಗ್ಲಿಷಿನ ಯು ಅಕ್ಷರದ ಆಕಾರ ಗರಿ, ಕಿವಿ, ಈಜುರೆಕ್ಕೆಗಳಿಗೆ.

ಪ್ರಾಣಿಯನ್ನು ಗುರುತಿಸಲು ಒಂದೆರಡು ಅಂಗ ಸಾಕು. ಎರಡು ದೊಡ್ಡ ಮುಂಹಲ್ಲು, ಚೌಕುಳಿ ಗೆರೆಯ ಬಾಲ ಕಂಡರೆ ಬೀವರ್ ಎಂಬ ನೀರುಪ್ರಾಣಿ. ಬೆನ್ನ ಮೇಲೆ ಎತ್ತರದ ಈಜುರೆಕ್ಕೆ ಇದ್ದರೆ ಓರ್ಕಾ ತಿಮಿಂಗಿಲ. ಕೊಕ್ಕಿನ ತುದಿ ಕೆಳಗೆ ಬಾಗಿದ್ದರೆ ಹದ್ದು, ಉದ್ದಕ್ಕೆ ನೇರವಾಗಿದ್ದರೆ ರೇವನ್, ಅಂದರೆ ನಮ್ಮೂರ ಕಾಗೆಗಿಂತ ಬಹಳ ದೊಡ್ಡದಾದ ಕಾಡಿನ ಕಾಗೆ. ಹಲ್ಲಿಲ್ಲದ ಅಗಲ ಬಾಯಿ ಕಪ್ಪೆಯದು. ಪೆಟ್ಟಿಗೆಯಂಥ ವಸ್ತುವಿನ ಮೇಲೆ ಪ್ರಾಣಿಯನ್ನು ಬೆನ್ನುದ್ದ ಸೀಳಿ ಎರಡು ಬದಿಗೂ ಬಿಡಿಸಿಟ್ಟ ಹಾಗೆ ಬರೆಯುವುದುಂಟು. ಅದಕ್ಕೇ ಒಂದೇ ಪ್ರಾಣಿಗೆ ಎರಡು ಮುಖ ಇದ್ದಂತೆ ಕಾಣುವುದು.

ಟೋಟೆಮ್ ಕಂಬವನ್ನು ಅವರು ಪೂಜಿಸುವುದಿಲ್ಲ. ವಿಗ್ರಹವೆಂದು ತಪ್ಪು ತಿಳಿದು ಕೆಲವು ಪಾದ್ರಿಗಳು ಕಂಬ ಕಡಿಸಿದ್ದುಂಟು. ಮನೆಯ ಮುಂದಿನ ಕಂಬ ಆ ಮನೆಯವರು ಯಾರೆಂದು ಹೇಳುತ್ತದೆ. ಇನ್ನು ಕೆಲವು ಸತ್ತವರ ನೆನಪಿಗೆ. ಹೈಡಾ ಊರುಗಳಲ್ಲಿ ಸತ್ತ ಹಿರಿಯರ ದೇಹವಿದ್ದ ಪೆಟ್ಟಿಗೆಯನ್ನು ಕಂಬದ ತುದಿಯಲ್ಲೇ ಇಡುತ್ತಿದ್ದರು.

ಕೆತ್ತಿದವನದ್ದಲ್ಲ, ಕುಲದ್ದು

ಕಪಾಟುಗಳಿಗೆ ಮುಸುಕು ಬಿದ್ದದ್ದರ ಕಾರಣ ತಿಳಿಯಬೇಕಾದರೆ ಇಲ್ಲಿಂದ ಮುಂದಿನ ಮಾತು ಮುಖ್ಯ.

ಹೈಡಾ ಸಮಾಜದಲ್ಲಿ ಎರಡು ಪಂಗಡ, ರೇವನ್ ಮತ್ತು ಹದ್ದು. ಟ್ಲಿಂಗಿಟ್ ಜನರಲ್ಲೂ ಎರಡೇ. ರೇವನ್ ಒಂದು, ಇನ್ನೊಂದಕ್ಕೆ ಊರನ್ನು ನೋಡಿಕೊಂಡು ಹದ್ದು ಅಥವಾ ತೋಳ ಎನ್ನುತ್ತಾರೆ. ಒಂದೊಂದು ಪಂಗಡದಲ್ಲಿ ಹಲವು ಕುಲಗಳು. ಮದುವೆ ಸ್ವಂತ ಪಂಗಡದ ಒಳಗೆ ಆಗುವಂತಿಲ್ಲ, ಎದುರು ಪಂಗಡದವರ ಜೊತೆಗೇ ಆಗಬೇಕು. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ತುಳುನಾಡಿನ ಅಳಿಯಸಂತಾನ ಕಟ್ಟು ಗೊತ್ತಿದ್ದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ, ಒಂದೇ ಬಳಿಯವರು ಮದುವೆಯಾಗುವುದಿಲ್ಲ, ಮನೆತನದ ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ. ಕುಟುಂಬದ ಆಸ್ತಿ ಯಜಮಾನನ ಕೈಯಲ್ಲಿದ್ದರೂ ಅದು ಅವನೊಬ್ಬನ ಸ್ವತ್ತಲ್ಲ. ಟ್ಲಿಂಗಿಟ್ ಮನೆಯ ಯಜಮಾನನೂ ಹಾಗೆಯೇ, ಮಾವನಿಂದ ಬಂದದ್ದನ್ನು ಅಳಿಯನಿಗೆ ದಾಟಿಸಬೇಕಾದವನು.

ಆಸ್ತಿ ಎಂದರೆ ಇಲ್ಲಿ ಬರೀ ಮನೆ, ಮೀನು ಹಿಡಿಯುವ ಹೊಳೆ ಅಲ್ಲ. ಒಂದು ಪ್ರಾಣಿಯ ಚಿತ್ರವನ್ನು ಬಳಸುವ ಹಕ್ಕು, ಅದರ ಹಿಂದಿನ ಕಥೆ, ಹಾಡು, ಹೆಸರು ಎಲ್ಲವೂ ಕುಲದ ಆಸ್ತಿಯೇ. ಸಿಟ್ಕಾದ ಕಿಕ್ಸ್‌ಆಡಿ ಕುಲಕ್ಕೆ ಕಪ್ಪೆ ಲಾಂಛನ. ಬೇರೆ ಕುಲದವರು ಸುಮ್ನೆ ಚೆಂದ ಕಂಡಿತೆಂದು ಅದನ್ನು ಕೆತ್ತಿಸಿಕೊಳ್ಳುವಂತಿಲ್ಲ. ಪೂರ್ವಿಕರು ಬೆಲೆ ತೆತ್ತು, ಎಷ್ಟೋ ಸಲ ಜೀವವನ್ನೇ ತೆತ್ತು ಪಡೆದದ್ದು ಇವು ಎಂಬ ನಂಬಿಕೆ. ಹೀಗೆ ಕುಲಕ್ಕೆ ಸೇರಿದ ಸ್ವತ್ತಿಗೆ ಟ್ಲಿಂಗಿಟ್ ಭಾಷೆಯಲ್ಲಿ ಅಟ್ ಊವ್ ಎನ್ನುತ್ತಾರೆ.

ಕೆತ್ತಿದ ಮಾತ್ರಕ್ಕೆ ವಸ್ತು ಅಟ್ ಊವ್ ಆಗುವುದಿಲ್ಲ. ಕೆಲಸವನ್ನು ಎದುರು ಪಂಗಡದವರಿಗೆ ವಹಿಸುವುದು ಪದ್ಧತಿ. ಮುಗಿದ ಮೇಲೆ ದೊಡ್ಡ ಔತಣ. ಹೊರಗಿನವರು ಇದನ್ನು ಪಾಟ್‌ಲ್ಯಾಚ್ ಎನ್ನುತ್ತಾರೆ. ಎದುರು ಪಂಗಡದವರ ಮುಂದೆ ವಸ್ತುವನ್ನು ತೋರಿಸಿ, ಅದರ ಕಥೆ ಹೇಳಿ, ಹಾಡು ಹಾಡಿ, ಬಂದವರಿಗೆಲ್ಲ ಉಡುಗೊರೆ ಕೊಡುತ್ತಾರೆ. ಉಡುಗೊರೆ ಪಡೆದವರು ಆ ಹಕ್ಕಿಗೆ ಸಾಕ್ಷಿಗಳು. ಬರವಣಿಗೆಯ ದಾಖಲೆ ಇಲ್ಲದ ಕಡೆ ಇದೇ ನೋಂದಣಿ.

ಲೂಯಿ ಶಾಟ್ರಿಜ್ ಅವರ ಕಥೆ ಈ ನಿಯಮ ಎಷ್ಟು ಗಟ್ಟಿ ಎಂದು ತೋರಿಸುತ್ತದೆ. ಅವರು ಕ್ಲಕ್ವಾನ್ ಊರಿನ ಟ್ಲಿಂಗಿಟ್ ಮನುಷ್ಯ. ಕಳೆದ ಶತಮಾನದ ಆರಂಭದಲ್ಲಿ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಮ್ಮಿಗೆ ತಮ್ಮ ಜನರ ವಸ್ತುಗಳನ್ನೇ ಕೊಂಡು ತರುವ ಕೆಲಸ ಮಾಡಿದರು. ಊರಿನ ತಿಮಿಂಗಿಲ ಮನೆ ಎಂಬ ಹೆಸರಾಂತ ಮನೆಗೆ ಅವರ ತಂದೆಯೇ ಯಜಮಾನ. ಮನೆಯೊಳಗೆ ಕೆತ್ತನೆಯ ನಾಲ್ಕು ಕಂಬ, ಚಿತ್ರ ಬರೆದ ದೊಡ್ಡ ಮರದ ತೆರೆ ಇದ್ದವು. ಈ ಕಲೆಯಲ್ಲೇ ಅತ್ಯುತ್ತಮವೆಂದು ಅನೇಕರು ಎಣಿಸುವ ಕೆಲಸ ಅದು. ಅಮೆರಿಕದ ಕಾನೂನಿನ ಪ್ರಕಾರ ಮಗನಿಗೆ ಹಕ್ಕಿದೆ ಎಂದು ಶಾಟ್ರಿಜ್ ವಾದಿಸಿದರು. ಊರಿನವರು ಒಪ್ಪಲಿಲ್ಲ. ಮಗ ತಾಯಿಯ ಕುಲದವನು, ತಂದೆಯ ಮನೆಯ ಸ್ವತ್ತಿನ ಮೇಲೆ ಅವನಿಗೇನು ಹಕ್ಕು? ಅವರು ಬರಿಗೈಯಲ್ಲಿ ಹಿಂದಿರುಗಿದರು.

ಸ್ವಂತ ಕುಲದ ಷಾರ್ಕ್ ಶಿರಸ್ತ್ರಾಣವನ್ನು ಮಾತ್ರ ಅವರು ಮ್ಯೂಸಿಯಮ್ಮಿಗೆ ತಂದರು. 1929ರಲ್ಲಿ ಅದರ ಬಗ್ಗೆ ಬರೆಯುತ್ತಾ, ಒಳ್ಳೆಯ ವಸ್ತು ಸಿಕ್ಕಿತೆಂದು ಒಂದು ಮನಸ್ಸು ಹಿಗ್ಗಿದರೂ ನಂಬಿಕೆದ್ರೋಹ ಮಾಡಿದೆ ಎಂಬ ಭಾವನೆ ಹೋಗುತ್ತಿಲ್ಲ ಎಂದು ತಾವೇ ಒಪ್ಪಿಕೊಂಡರು.

ತಿಮಿಂಗಿಲ ಮನೆಯ ಕಂಬಗಳಿಗೆ ಮುಂದೆಯೂ ನೆಮ್ಮದಿ ಇರಲಿಲ್ಲ. 1984ರಲ್ಲಿ ಕೆಲವರು ಸೇರಿ ಅವನ್ನು ಮಾರಲೆಂದು ಊರಿನಿಂದ ಸಾಗಿಸಿದರು, ಅವು ಸಿಯಾಟಲ್‌ನ ಗೋದಾಮು ಸೇರಿದವು. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 1993ರಲ್ಲಿ ಬುಡಕಟ್ಟಿನ ನ್ಯಾಯಾಲಯವೇ ತೀರ್ಪು ಕೊಟ್ಟಿತು. ಕುಲದ ಸ್ವತ್ತನ್ನು ಕೆಲವರು ಸೇರಿ ಮಾರುವಂತಿಲ್ಲ! ಮರುವರ್ಷ ಕಂಬಗಳು ಕ್ಲಕ್ವಾನ್‌ಗೆ ಮರಳಿದವು.

ಮ್ಯೂಸಿಯಮ್ ಸೇರಿದ ದಾರಿಗಳು

ಎಲ್ಲವೂ ಕದ್ದ ಮಾಲು ಎಂದುಕೊಳ್ಳಬಾರದು. ಹೈಡಾ ಗ್ವಾಯ್‌ನಲ್ಲಿ ಸ್ಕಿಡಿಗೇಟ್ ಊರಿನ ಹತ್ತಿರ ಆರ್ಜಿಲೈಟ್ ಎಂಬ ಕರಿಕಲ್ಲು ಸಿಗುತ್ತದೆ. 1820ರ ದಶಕದ ಹೊತ್ತಿಗೇ ಹೈಡಾ ಕೆತ್ತನೆಗಾರರು ಅದರಲ್ಲಿ ಹೊಗೆ ಕೊಳವೆ ಕೆತ್ತಿ ಹಡಗಿನವರಿಗೆ ಮಾರುತ್ತಿದ್ದರು. ಮುಂದೆ ತಟ್ಟೆ, ಪುಟ್ಟ ಟೋಟೆಮ್ ಕಂಬಗಳೂ ಬಂದವು. ಇವು ಮಾರಲೆಂದೇ ಮಾಡಿದವು. 1920ರಲ್ಲಿ ತೀರಿಕೊಂಡ ಹೆಸರಾಂತ ಹೈಡಾ ಕೆತ್ತನೆಗಾರ ಚಾರ್ಲ್ಸ್ ಈಡನ್‌ಷಾ ಮ್ಯೂಸಿಯಮ್‌ಗಳಿಗಾಗಿಯೇ ಮಾದರಿ ಕಂಬಗಳನ್ನು ಮಾಡಿಕೊಟ್ಟಿದ್ದರು.

ಮಾರಿದ್ದರಲ್ಲೂ ಎಲ್ಲ ಮನಸ್ಸಿಟ್ಟು ಮಾರಿದ್ದೇ? ಅದನ್ನು ಹೇಳುವುದು ಕಷ್ಟ. 1862ರಲ್ಲಿ ವಿಕ್ಟೋರಿಯಾ ಊರಿನಿಂದ ಸಿಡುಬು ಕರಾವಳಿಯುದ್ದಕ್ಕೂ ಹಬ್ಬಿತು. ಸಾವಿರಾರು ಇದ್ದ ಹೈಡಾ ಜನ 1900ರ ಆಸುಪಾಸಿಗೆ ಸುಮಾರು 600ಕ್ಕೆ ಇಳಿದರು. ಉಳಿದವರು ಹಳೆಯ ಊರುಗಳನ್ನು ಬಿಟ್ಟು ಒಂದೆರಡು ಕಡೆ ಸೇರಿಕೊಂಡರು. ಇತ್ತ ಕೆನಡಾ ಸರ್ಕಾರ 1885ರಿಂದ ಪಾಟ್‌ಲ್ಯಾಚನ್ನೇ ನಿಷೇಧಿಸಿತು. ನಿಷೇಧ ಕಾನೂನಿನಿಂದ ಹೊರಬಿದ್ದದ್ದು 1951ರಲ್ಲಿ. ಔತಣ ಮಾಡುವಂತಿಲ್ಲ ಎಂದ ಮೇಲೆ ಮುಖವಾಡ, ಗಿಲಕಿ, ಟೋಪಿಗಳನ್ನು ಇಟ್ಟುಕೊಂಡು ಏನು ಮಾಡುವುದು? ಅದೇ ಹೊತ್ತಿಗೆ ನ್ಯೂಯಾರ್ಕ್, ಶಿಕಾಗೋ, ಬರ್ಲಿನ್, ಲಂಡನ್‌ನ ಮ್ಯೂಸಿಯಮ್‌ಗಳು ಕೈಯಲ್ಲಿ ದುಡ್ಡು ಹಿಡಿದು ಪೈಪೋಟಿಗೆ ಬಿದ್ದಿದ್ದವು. ಕಾಡಿನ ಸಮಾಧಿ ಮನೆಗಳಲ್ಲಿ ಇಟ್ಟಿದ್ದ ಮಂತ್ರವಾದಿಗಳ ವಸ್ತುಗಳನ್ನೂ ಸಂಗ್ರಹಕಾರರು ಬಿಡಲಿಲ್ಲ.

ನೇರ ಕಳ್ಳತನವೂ ನಡೆದಿದೆ. 1899ರಲ್ಲಿ ಸಿಯಾಟಲ್‌ನ ವ್ಯಾಪಾರಸ್ಥರ ಗುಂಪೊಂದು ಹಡಗಿನಲ್ಲಿ ಅಲಾಸ್ಕಾ ನೋಡಲು ಹೋಗಿತ್ತು. ಟಾಂಗಾಸ್ ಎಂಬ ಟ್ಲಿಂಗಿಟ್ ಊರಿನಲ್ಲಿ ಜನ ಕಾಣಲಿಲ್ಲ. ಅವರು ಕೆಲಸದ ಕಾಲಕ್ಕೆ ಬೇರೆಡೆ ಹೋಗಿದ್ದರು. ಗುಂಪಿನವರು ಒಂದು ದೊಡ್ಡ ಕಂಬವನ್ನು ಕೆಡವಿ, ಕತ್ತರಿಸಿ, ಹಡಗಿಗೆ ಏರಿಸಿ ತಂದು ಸಿಯಾಟಲ್‌ನ ಪಯನಿಯರ್ ಸ್ಕ್ವೇರ್‌ನಲ್ಲಿ ನಿಲ್ಲಿಸಿದರು. ಈಗ ಅಲ್ಲಿರುವುದು ಆ ಕಂಬವಲ್ಲ. 1938ರಲ್ಲಿ ಬೆಂಕಿಗೆ ಸಿಕ್ಕಿ ಹಾಳಾದ ಮೇಲೆ ಟ್ಲಿಂಗಿಟ್ ಕೆತ್ತನೆಗಾರರೇ ಮಾಡಿಕೊಟ್ಟ ಪ್ರತಿ ಅದು.

ಅದೇ 1899ರ ಬೇಸಿಗೆಯಲ್ಲಿ ರೈಲ್ವೆ ಸಾಹುಕಾರ ಎಡ್ವರ್ಡ್ ಹ್ಯಾರಿಮನ್ ವಿಜ್ಞಾನಿಗಳನ್ನು ಕಟ್ಟಿಕೊಂಡು ಅಲಾಸ್ಕಾ ಸುತ್ತಲು ಹೋದರು. ಕೇಪ್ ಫಾಕ್ಸ್ ಎಂಬ ಊರು ಪಾಳುಬಿದ್ದಿದೆ ಎಂದುಕೊಂಡು ಕಂಬಗಳನ್ನೂ ಮನೆಯ ವಸ್ತುಗಳನ್ನೂ ಹಡಗಿಗೆ ತುಂಬಿಸಿಕೊಂಡರು. ಆ ಊರಿನವರು ಹೊಸ ಊರಿಗೆ ಹೋಗಿದ್ದರಷ್ಟೆ, ಹಕ್ಕು ಬಿಟ್ಟುಕೊಟ್ಟಿರಲಿಲ್ಲ.

ಸೈನ್ಯದ ದಾಳಿಯ ಕಥೆಯೂ ಒಂದಿದೆ. 1882ರಲ್ಲಿ ಅಮೆರಿಕದ ನೌಕಾಪಡೆ ಆಂಗೂನ್ ಊರಿನ ಮೇಲೆ ಗುಂಡು ಹಾರಿಸಿ ಸುಟ್ಟಿತು. ದೋಣಿಗಳನ್ನು ಒಡೆದುಹಾಕಿತು. ಹೊರಗೆ ಹೋಗಿದ್ದ ಒಂದೇ ಒಂದು ದೋಣಿ ಉಳಿಯಿತು. ಅದರ ಮೂತಿಯಲ್ಲಿ ಬೀವರ್ ಕೆತ್ತನೆಯಿತ್ತು. ಆ ಚಳಿಗಾಲ ಊರನ್ನು ಬದುಕಿಸಿದ್ದು ಅದೇ ದೋಣಿ ಎಂದು ಅವರು ಇಂದಿಗೂ ಹೇಳುತ್ತಾರೆ. ಕೆತ್ತನೆ ಮುಂದೆ ಕಣ್ಮರೆಯಾಯಿತು. ಸುಮಾರು ನೂರು ವರ್ಷದ ನಂತರ, 1999ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ಮಿನ ಉಗ್ರಾಣ ನೋಡಲು ಹೋದ ಟ್ಲಿಂಗಿಟ್ ಹಿರಿಯರ ಕಣ್ಣಿಗೆ ಅದು ಬಿತ್ತು. ಅದೇ ವರ್ಷ ಊರಿಗೆ ಮರಳಿತು. ನೌಕಾಪಡೆ ಕ್ಷಮೆ ಕೇಳಿದ್ದು 2024ರ ಅಕ್ಟೋಬರಿನಲ್ಲಿ.

ಕಾನೂನು ಏನು ಹೇಳುತ್ತದೆ

1990ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಅದರ ಸಂಕ್ಷಿಪ್ತ ಹೆಸರು ನ್ಯಾಗ್‌ಪ್ರಾ. ಕೇಂದ್ರ ಸರ್ಕಾರದ ಹಣ ಪಡೆಯುವ ಮ್ಯೂಸಿಯಮ್‌ಗಳು ತಮ್ಮಲ್ಲಿರುವ ಮೂಲನಿವಾಸಿಗಳ ಅಸ್ಥಿಗಳು, ಸಮಾಧಿಯ ವಸ್ತುಗಳು, ಪವಿತ್ರ ವಸ್ತುಗಳು ಮತ್ತು ಇಡೀ ಸಮುದಾಯಕ್ಕೆ ಸೇರಿದ ಸ್ವತ್ತುಗಳನ್ನು ಪಟ್ಟಿಮಾಡಿ, ಕೇಳಿದವರಿಗೆ ಮರಳಿಸಬೇಕು. ಕೊನೆಯ ಬಗೆಯ ಸ್ವತ್ತನ್ನು ಯಾವ ಒಬ್ಬ ವ್ಯಕ್ತಿಯೂ ಮಾರಲು, ಕೊಡಲು ಬರುವುದಿಲ್ಲ ಎಂದು ಕಾನೂನೇ ಹೇಳುತ್ತದೆ. ಹಾಗಾಗಿ ಮ್ಯೂಸಿಯಮ್ಮಿನ ಕೈಯಲ್ಲಿ ರಸೀದಿ ಇದ್ದ ಮಾತ್ರಕ್ಕೆ ವಾದ ಮುಗಿಯುವುದಿಲ್ಲ. ಮಾರಿದವರಿಗೆ ಮಾರುವ ಹಕ್ಕಿತ್ತೇ ಎಂಬ ಪ್ರಶ್ನೆ ಬರುತ್ತದೆ. ಕುಲದ ಟೋಪಿ, ಮನೆಯ ಕಂಬಗಳಿಗೆ ಇದು ನೇರವಾಗಿ ಹೊಂದುತ್ತದೆ. ಮಾರಲೆಂದೇ ಮಾಡಿದ ಕರಿಕಲ್ಲಿನ ಕೊಳವೆಗೆ ಹೊಂದುವುದಿಲ್ಲ. ಖಾಸಗಿಯವರ ಮನೆಯ ಸಂಗ್ರಹಕ್ಕೂ ಈ ಮರಳಿಸುವ ನಿಯಮ ತಾಗುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಮ್ಯೂಸಿಯಮ್‌ಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಗೆ 1989ರ ಬೇರೆ ಕಾನೂನಿದೆ. ಹ್ಯಾರಿಮನ್ ಹೊತ್ತು ತಂದ ಕಂಬಗಳನ್ನು 2001ರಲ್ಲಿ ಹಾರ್ವರ್ಡ್‌ನ ಪೀಬಡಿ, ಫೀಲ್ಡ್, ಸ್ಮಿತ್ಸೋನಿಯನ್ ಸೇರಿ ಹಲವು ಸಂಸ್ಥೆಗಳು ಮರಳಿಸಿದವು. 2024ರ ನಿಯಮ ಹೊಸ ಕಾನೂನಲ್ಲ, 1990ರದ್ದಕ್ಕೇ ಮಾಡಿದ ಬಿಗಿ. ಪ್ರದರ್ಶನಕ್ಕೂ ಸಂಶೋಧನೆಗೂ ಮೊದಲೇ ಒಪ್ಪಿಗೆ ಬೇಕು, ಅಸ್ಥಿಗಳ ಮತ್ತು ಸಮಾಧಿ ವಸ್ತುಗಳ ಪಟ್ಟಿಯನ್ನು ಐದು ವರ್ಷದೊಳಗೆ ಸರಿಪಡಿಸಬೇಕು.

ಅಮೆರಿಕದ ಗಡಿ ದಾಟಿದರೆ ಈ ಕಾನೂನಿಗೆ ಬಲವಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಕೈಯನ್ನು 1963ರ ಅದರದೇ ಕಾಯ್ದೆ ಕಟ್ಟಿಹಾಕಿದೆ. ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡಲು ಅದಕ್ಕೆ ಹೆಚ್ಚು ಅವಕಾಶವಿಲ್ಲ. ಹೈಡಾ ಜನ ಅಲ್ಲಿ ಮಾತುಕತೆಯ ದಾರಿ ಹಿಡಿದರು. ಮೊದಲು ಕೇಳಿದ್ದು ವಸ್ತುಗಳನ್ನಲ್ಲ, ತಮ್ಮ ಹಿರಿಯರ ಅಸ್ಥಿಗಳನ್ನು. ಬೇರೆ ಬೇರೆ ಮ್ಯೂಸಿಯಮ್‌ಗಳಿಂದ 460ಕ್ಕೂ ಹೆಚ್ಚು ಹಿರಿಯರ ಅಸ್ಥಿಗಳನ್ನು ತಂದು ಮಣ್ಣು ಮಾಡಿದ್ದಾರೆ.

ನಕಲು ಮತ್ತು ಹೊಸ ಕಂಬ

ವಸ್ತು ಮರಳದಿದ್ದರೂ ಕೌಶಲ ಮರಳಬಹುದು. ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಮ್ಮಿನಲ್ಲಿ ಹೈಡಾ ಜನರ ಒಂದು ಅಪರೂಪದ ಪೆಟ್ಟಿಗೆಯಿದೆ. 2014ರಲ್ಲಿ ಗ್ವಾಯ್ ಮತ್ತು ಜಾಲೆನ್ ಈಡನ್‌ಷಾ ಎಂಬ ಸಹೋದರ ಕೆತ್ತನೆಗಾರರು ಅಲ್ಲಿಗೇ ಹೋಗಿ, ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಅಂಥದ್ದೇ ಇನ್ನೊಂದನ್ನು ಕೆತ್ತಿದರು. ಹಳೆಯ ಕೆತ್ತನೆಗಾರ ಚಾಕುವನ್ನು ಎಲ್ಲಿ ತಿರುಗಿಸಿದ, ಎಷ್ಟು ಆಳಕ್ಕೆ ಇಳಿಸಿದ ಎಂಬುದು ಫೋಟೋ ನೋಡಿ ತಿಳಿಯುವ ಸಂಗತಿಯಲ್ಲ.

ಸ್ಯಾಕ್ಸ್‌ಮನ್ ಊರಿನಲ್ಲಿ ಈಗಿರುವ ಕೇಪ್ ಫಾಕ್ಸ್ ಜನ ತಮ್ಮ ಕಂಬಗಳನ್ನು ಮರಳಿಸಿದ ಸಂಸ್ಥೆಗಳಿಗೆ ಬರಿಗೈ ತೋರಿಸಲಿಲ್ಲ. ಕೆಂಪು ಸೀಡರ್ ದಿಮ್ಮಿಗಳನ್ನು ಕೊಟ್ಟರು. ಪೀಬಡಿ ಮ್ಯೂಸಿಯಮ್ಮಿಗಾಗಿ ಟ್ಲಿಂಗಿಟ್ ಕೆತ್ತನೆಗಾರ ನೇತನ್ ಜ್ಯಾಕ್ಸನ್ ಹೊಸ ಕಂಬವನ್ನೇ ಕೆತ್ತಿದರು.

ಕಂಪ್ಯೂಟರ್ ಕೂಡ ಈ ಕೆಲಸಕ್ಕೆ ಬಂದಿದೆ. ಸ್ಮಿತ್ಸೋನಿಯನ್ 2005ರಲ್ಲಿ ಓರ್ಕಾ ತಿಮಿಂಗಿಲದ ಟೋಪಿಯೊಂದನ್ನು ಆಂಗೂನ್‌ನ ಡಾಕ್ಲಾವೇಡಿ ಕುಲಕ್ಕೆ ಮರಳಿಸಿತು. ಆಮೇಲೆ ಕುಲದ ಒಪ್ಪಿಗೆ ಪಡೆದು ಅದನ್ನು ಸ್ಕ್ಯಾನ್ ಮಾಡಿ, ಯಂತ್ರದಿಂದ ಕೊರೆದು ಪ್ರತಿಯೊಂದನ್ನು ಮಾಡಿತು. ಆ ಪ್ರತಿ ಮ್ಯೂಸಿಯಮ್ಮಿನಲ್ಲಿದೆ, ನೋಡುವವರಿಗೆ ತಿಳಿವಳಿಕೆ ಕೊಡಲು. ಅದು ಅಟ್ ಊವ್ ಅಲ್ಲ. ಕಿಕ್ಸ್‌ಆಡಿ ಕುಲದ ಸ್ಕಲ್ಪಿನ್ ಮೀನಿನ ಟೋಪಿಯದ್ದು ಬೇರೆ ಕಥೆ. ಸ್ಮಿತ್ಸೋನಿಯನ್‌ನಲ್ಲಿದ್ದ ಹಳೆಯ ಟೋಪಿ ತೊಡಲಾಗದಷ್ಟು ಮುರಿದಿತ್ತು. ಅದರ ಅಳತೆ ತೆಗೆದು ಯಂತ್ರದಲ್ಲೇ ಹೊಸದನ್ನು ಮಾಡಿ, ಕೈಯಿಂದ ಮುಗಿಸಿದರು. ಎರಡೂ ಯಂತ್ರ ಕೊರೆದ ಟೋಪಿಗಳೇ. ಆದರೆ 2019ರಲ್ಲಿ ಎರಡು ಪಂಗಡದವರೂ ಸೇರಿದ ಸಮಾರಂಭದಲ್ಲಿ ಸ್ಕಲ್ಪಿನ್ ಟೋಪಿಯನ್ನು ವಿಧಿಪೂರ್ವಕವಾಗಿ ಕುಲಕ್ಕೆ ಒಪ್ಪಿಸಿದರು. ಅಂದಿನಿಂದ ಅದು ಕಿಕ್ಸ್‌ಆಡಿ ಜನರ ಅಟ್ ಊವ್.